ಜ್ವರ ಇಳೀತಿಲ್ಲ ಅಂದ್ರೆ ಹಸುವಿನ ಭುಜದ ಮುಂದೆ ಕೈ ಆಡ್ಸಿ ನೋಡಿ: ಉಣ್ಣೆ ಹುಳದಿಂದ ಬರೋ ರಕ್ತದ ಕಾಯಿಲೆಗಳು

ಹೋದ ವರ್ಷ ಮುಂಗಾರು ಶುರುವಾದ ಹೊಸದ್ರಲ್ಲಿ ನಮ್ಮ ಕೊಟ್ಟಿಗೇಲಿ ಒಂದು ಎಚ್‌ಎಫ್ (ಸೀಮೆಹಸು ತಳಿ) ಕ್ರಾಸ್ ಹಸು ಹೋಯ್ತು. ಎರಡನೇ ಕರು, ಹಾಕಿ 18 ದಿನ ಆಗಿತ್ತಷ್ಟೆ, ಹೊತ್ತಿಗೆ 9 ಲೀಟರ್ ಕೊಡ್ತಿತ್ತು. ಒಂದಿನ ಬೆಳಗ್ಗೆ ಹಾಲು ಅರ್ಧಕ್ಕೆ ಇಳೀತು, ಬೂಸಾ ಮೂಸಿ ಬಿಟ್ಬಿಡ್ತು, ಮೈ ಮುಟ್ಟಿದ್ರೆ ಕಾದ ಹೆಂಚು. ಜ್ವರ 105 ಡಿಗ್ರಿ ಇತ್ತು. ಒಂದು ಆ್ಯಂಟಿಬಯಾಟಿಕ್, ಒಂದು ಜ್ವರದ ಇಂಜೆಕ್ಷನ್ ಕೊಡ್ಸಿದ್ವಿ, ಸಾಯಂಕಾಲ ಇಳೀತು, ಬೆಳಗ್ಗೆ ಮತ್ತೆ ಏರ್ತು, ಹೀಗೇ ಮೂರು ದಿನ ಹೋಯ್ತು. ನಾಲ್ಕನೇ ದಿನ ಬೇರೆ ಡಾಕ್ಟ್ರು ಬಂದವ್ರು ಥರ್ಮಾಮೀಟರ್ ಹಾಕೋಕೆ ಮುಂಚೆನೇ ಹಸುವಿನ ಭುಜದ ಮುಂದೆ, ಕುತ್ತಿಗೆ ಸೇರೋ ಜಾಗದಲ್ಲಿ ಕೈಯಿಟ್ಟು "ಈ ಗಂಟು ಯಾವಾಗಿಂದ ಇದೆ?" ಅಂತ ಕೇಳಿದ್ರು. ಕೋಳಿಮೊಟ್ಟೆ ಗಾತ್ರ ಇತ್ತು, ದಿನಾ ಮೈ ತೊಳೆಯೋ ನಮಗೇ ಗೊತ್ತಾಗಿರ್ಲಿಲ್ಲ. ಕಣ್ಣಿನ ರೆಪ್ಪೆ ಕೆಳಗೆ ಎಳೆದು ತೋರ್ಸಿದ್ರು, ಒಳಗಡೆ ಕೆಂಪು ಇರ್ಬೇಕಾದ ಕಡೆ ಕಾಗದದ ಹಾಗೆ ಬಿಳಿ. ಥೈಲೇರಿಯಾಸಿಸ್, ಉಣ್ಣೆ ಕಚ್ಚಿ ಬರೋ ರಕ್ತದ ಕಾಯಿಲೆ ಅಂದ್ರು. ಸರಿಯಾದ ಔಷಧಿ ಅವತ್ತೇ ಬಿತ್ತು, ಆದ್ರೆ ಆರನೇ ದಿನ ರಾತ್ರಿ ಹಸು ಉಳೀಲಿಲ್ಲ.

ಆಮೇಲೆ ನಾನು ಈ ಕಾಯಿಲೆ ಬೆನ್ನು ಹತ್ತಿ ಓದ್ದೆ, ಸಿಕ್ಕ ಡಾಕ್ಟ್ರನ್ನೆಲ್ಲ ಕೇಳ್ದೆ. ಅರ್ಥ ಆಗಿದ್ದನ್ನ ಇಲ್ಲಿ ಬರೀತಿದೀನಿ, ಯಾಕಂದ್ರೆ ನಮ್ಮ ಕಡೆ "ಉಣ್ಣೆ ಜ್ವರ" ಅಂತ ಒಂದೇ ಹೆಸರಲ್ಲಿ ಕರೆಯೋದು ನಿಜವಾಗ್ಲೂ ಮೂರು ಬೇರೆ ಬೇರೆ ಕಾಯಿಲೆ, ಮೂರಕ್ಕೂ ಔಷಧಿ ಬೇರೆ, ಒಂದರದ್ದು ಇನ್ನೊಂದಕ್ಕೆ ಕೊಟ್ರೆ ದುಡ್ಡೂ ಹೋಗುತ್ತೆ ಅದಕ್ಕಿಂತ ಮುಖ್ಯವಾಗಿ ದಿನ ಹೋಗುತ್ತೆ. ಈ ಕಾಯಿಲೇಲಿ ಎರಡು ದಿನ ಅನ್ನೋದು ತುಂಬಾ ದೊಡ್ಡದು.

ಮೂರು ಯಾವುದು ಅಂದ್ರೆ ಥೈಲೇರಿಯಾ, ಬಬೇಸಿಯಾ, ಅನಾಪ್ಲಾಸ್ಮಾ. ಮೊದಲ ಎರಡು ಒಂದೇ ಜೀವಕೋಶದ ಪರಾವಲಂಬಿಗಳು, ನಮಗೆ ಮಲೇರಿಯಾ ತರುತ್ತಲ್ಲ ಅದರ ದೂರದ ನೆಂಟರು ಅನ್ಕೊಳ್ಳಿ. ಮೂರನೇದು ಪರಾವಲಂಬಿ ಅಂತ ರೂಢಿಲಿ ಸೇರ್ಸಿ ಹೇಳಿದ್ರೂ ಅಸಲಿಗೆ ಅದು ಒಂದು ಜಾತಿ ಬ್ಯಾಕ್ಟೀರಿಯಾ. ಮೂರೂ ಕೊನೆಗೆ ಬಂದು ಸೇರೋದು ಹಸುವಿನ ಕೆಂಪು ರಕ್ತಕಣಕ್ಕೆ, ಮೂರನ್ನೂ ತಂದು ಬಿಡೋದು ಉಣ್ಣೆ. ಕೆಲವು ಕಡೆ ಉಣುಗು ಅಂತಾರೆ, ಉಣ್ಣಿ ಅಂತಾರೆ, ಎಲ್ಲಾ ಅದೇ ಹುಳ.

ಉಣ್ಣೆ ಅಂದ್ರೆ ಎಲ್ಲಾ ಒಂದೇ ಅಂತ ನಾನೂ ಅನ್ಕೊಂಡಿದ್ದೆ. ಹಾಗಲ್ಲ. ನಮ್ಮ ಹಸುಗಳ ಮೇಲೆ ಮುಖ್ಯವಾಗಿ ಕಾಣೋದು ಎರಡು ಜಾತಿ. ಒಂದು, ಗಂಗೆದೊಗಲು ಕೆಚ್ಚಲು ತೊಡೆಸಂದಿ ಎಲ್ಲಾ ಕಡೆ ಹುಣಸೆಬೀಜದ ಹಾಗೆ ಊದಿಕೊಂಡು ಬೂದು ಬಣ್ಣಕ್ಕೆ ನೇತಾಡ್ತಿರುತ್ತಲ್ಲ ಅದು, ಬೂಫಿಲಸ್ ಅಂತಾರೆ, ಕಾಲು ಗಿಡ್ಡ. ಇನ್ನೊಂದು ಹಯಲೋಮ್ಮಾ, ಕಂದು ಬಣ್ಣ, ಕಾಲು ಉದ್ದ, ಕಾಲಿನ ಮೇಲೆ ಬಿಳಿ ಬಿಳಿ ಪಟ್ಟೆ ಇರುತ್ತೆ, ಬಿಸಿಲಿಗೆ ಹಿಡಿದು ನೋಡಿದ್ರೆ ಚೆನ್ನಾಗಿ ಕಾಣುತ್ತೆ. ಬೂಫಿಲಸ್ ಬಬೇಸಿಯಾ ಹರಡುತ್ತೆ, ಹಯಲೋಮ್ಮಾ ಥೈಲೇರಿಯಾ ಹರಡುತ್ತೆ. ಈ ಎರಡರ ಜೀವನ ಪೂರ್ತಿ ಬೇರೆ, ಅದು ಗೊತ್ತಾದ್ರೆ ನಾವು ಎಲ್ಲಿ ತಪ್ಪು ಮಾಡ್ತಿದೀವಿ ಅನ್ನೋದೂ ಗೊತ್ತಾಗುತ್ತೆ.

ಬೂಫಿಲಸ್ ಮರಿಯಾಗಿದ್ದಾಗ ಒಂದು ಹಸು ಹತ್ತಿದ್ರೆ ಆಯ್ತು, ಪೊರೆ ಬಿಡೋದು, ದೊಡ್ಡದಾಗೋದು, ಹೆಣ್ಣು ಗಂಡು ಸೇರೋದು, ಎಲ್ಲಾ ಅದೇ ಹಸುವಿನ ಮೈಮೇಲೆ, ಸುಮಾರು ಮೂರು ವಾರ. ಆಮೇಲೆ ಹೊಟ್ಟೆ ತುಂಬಿದ ಹೆಣ್ಣು ಕೆಳಗೆ ಬಿದ್ದು ಮಣ್ಣಲ್ಲೋ ಹುಲ್ಲಿನ ಬುಡದಲ್ಲೋ 2000ದಿಂದ 3000 ಮೊಟ್ಟೆ ಇಟ್ಟು ಸಾಯುತ್ತೆ. ಇಲ್ಲಿ ಒಂದು ಪ್ರಶ್ನೆ ಬರಬೇಕು. ಹುಟ್ಟಿದಾಗಿಂದ ಸಾಯೋವರೆಗೂ ಒಂದೇ ಹಸು ಮೇಲಿರೋ ಉಣ್ಣೆ ಇನ್ನೊಂದು ಹಸುಗೆ ಕಾಯಿಲೆ ಹೆಂಗೆ ಕೊಡುತ್ತೆ? ಉತ್ತರ ಮೊಟ್ಟೇಲಿದೆ. ಹೀರಿದ ರಕ್ತದ ಜೊತೆ ಬಬೇಸಿಯಾ ತಾಯಿ ಉಣ್ಣೆಯ ಹೊಟ್ಟೆ ಸೇರಿ, ಅಲ್ಲಿಂದ ಅಂಡಾಶಯಕ್ಕೆ ಹೋಗಿ, ಮೊಟ್ಟೆ ಒಳಗೇ ಕೂತ್ಕೊಳ್ಳುತ್ತೆ. ಅಂದ್ರೆ ಮರಿಗಳು ಹುಟ್ಟೋವಾಗ್ಲೇ ಕಾಯಿಲೆ ಹೊತ್ಕೊಂಡೇ ಹುಟ್ತವೆ, ಯಾವ ಹಸುವನ್ನೂ ಕಚ್ಚೋ ಮುಂಚೆನೇ.

ಇದನ್ನ ಕಂಡುಹಿಡಿದ ಕತೆ ದೊಡ್ಡದು. ಅಮೆರಿಕದಲ್ಲಿ ಟೆಕ್ಸಾಸ್ ಕಡೆಯ ದನಗಳನ್ನ ಉತ್ತರಕ್ಕೆ ಹೊಡ್ಕೊಂಡು ಹೋದಾಗ ಆ ದನಕ್ಕೆ ಏನೂ ಆಗ್ತಿರ್ಲಿಲ್ಲ, ಆದ್ರೆ ಅವು ನಡೆದ ದಾರೀಲಿ ಮೇಯ್ದ ಉತ್ತರದ ದನಗಳು ಕೆಂಪು ಗಂಜಲ ಹುಯ್ದು ಸಾಯ್ತಿದ್ವು. ಉಣ್ಣೆಯಿಂದಾನೇ ಇದು ಅಂತ ಅಲ್ಲಿನ ದನ ಸಾಕೋರು ಹೇಳ್ತಾನೇ ಇದ್ರು, ಓದಿದವ್ರು ನಂಬಿರ್ಲಿಲ್ಲ. ಥಿಯೋಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಅನ್ನೋ ಇಬ್ರು ವರ್ಷಗಟ್ಟಲೆ ಹೊಲದಲ್ಲಿ ಪ್ರಯೋಗ ಮಾಡಿ 1893ರಲ್ಲಿ ಅದನ್ನ ಸಾಬೀತು ಮಾಡಿ ಬರೆದ್ರು. ರೊನಾಲ್ಡ್ ರಾಸ್ ನಮ್ಮ ಪಕ್ಕದ ಸಿಕಂದರಾಬಾದಲ್ಲಿ ಮಲೇರಿಯಾನ ಸೊಳ್ಳೆ ಹೊಟ್ಟೇಲಿ ನೋಡಿದ್ದು 1897ರಲ್ಲಿ, ಅದಕ್ಕೂ ನಾಲ್ಕು ವರ್ಷ ಮುಂಚೆ. ರಕ್ತ ಹೀರೋ ಹುಳದಿಂದ ಪ್ರಾಣಿಗೆ ಇಂಥ ಕಾಯಿಲೆ ಬರುತ್ತೆ ಅನ್ನೋದು ಪ್ರಪಂಚಕ್ಕೆ ಮೊದಲು ತಿಳಿದಿದ್ದು ದನಗಳಿಂದ. ದನ ಸಾಕೋರ ಮಾತು ಕೇಳಿಸ್ಕೊಂಡಿದ್ದರಿಂದ.

ಈಗ ಹಯಲೋಮ್ಮಾ. ಇದು ಒಂದೇ ಹಸು ಮೇಲೆ ಕಾಲ ಹಾಕಲ್ಲ. ಮರಿ ಒಂದು ಹಸು ರಕ್ತ ಕುಡಿದು ಕೆಳಗೆ ಇಳಿಯುತ್ತೆ, ಕೊಟ್ಟಿಗೆ ಗೋಡೆಯ ಬಿರುಕಲ್ಲಿ, ಕಲ್ಲಿನ ಸಂದೀಲಿ, ಗೋದಲಿ ಕೆಳಗೆ ಸೇರ್ಕೊಂಡು ಪೊರೆ ಬಿಡುತ್ತೆ, ದೊಡ್ಡದಾಗಿ ಮತ್ತೆ ಹತ್ತುತ್ತೆ, ಹತ್ತೋದು ಬೇರೆ ಹಸುವೂ ಆಗಿರಬಹುದು. ಥೈಲೇರಿಯಾ ಮೊಟ್ಟೆಗೆ ಹೋಗಲ್ಲ, ಆಗತಾನೆ ಹುಟ್ಟಿದ ಹಯಲೋಮ್ಮಾ ಮರಿ ಶುದ್ಧ. ಚಿಕ್ಕದಿದ್ದಾಗ ಯಾವುದೋ ಒಂದು ಹಸುವಿಂದ ಎತ್ಕೊಂಡು, ಪೊರೆ ಬಿಟ್ಟ ಮೇಲೆ ಇನ್ನೊಂದಕ್ಕೆ ಕೊಡುತ್ತೆ. ಆ "ಯಾವುದೋ ಒಂದು ಹಸು" ನಮ್ಮ ಕೊಟ್ಟಿಗೇಲೇ ಗಟ್ಟಿಮುಟ್ಟಾಗಿ ನಿಂತಿರುತ್ತೆ. ಹಿಂದೆ ಕಾಯಿಲೆ ಬಂದು ಚೇತರಿಸಿಕೊಂಡಿದ್ದು, ಇಲ್ಲಾ ಎಮ್ಮೆ, ಇಲ್ಲಾ ನಾಟಿ ಹಸು. ಅವುಗಳ ರಕ್ತದಲ್ಲಿ ಸ್ವಲ್ಪ ಸ್ವಲ್ಪ ಪರಾವಲಂಬಿ ವರ್ಷಗಟ್ಟಲೆ ಉಳಿದಿರುತ್ತೆ, ಅವಕ್ಕೆ ಏನೂ ಆಗಲ್ಲ.

ಇನ್ನೊಂದು ವಿಷಯ ನನಗೆ ತುಂಬಾ ಉಪಯೋಗಕ್ಕೆ ಬಂತು. ಉಣ್ಣೆ ಕಚ್ಚಿದ ತಕ್ಷಣ ಥೈಲೇರಿಯಾ ಹಸುವಿನ ಮೈಗೆ ಹೋಗಲ್ಲ. ಅದರ ಜೊಲ್ಲಿನ ಗ್ರಂಥೀಲಿ ಪರಾವಲಂಬಿ ಇನ್ನೂ ಹಣ್ಣಾಗಿರಲ್ಲ, ಉಣ್ಣೆ ಕಚ್ಚಿ ರಕ್ತ ಕುಡಿಯೋಕೆ ಶುರು ಮಾಡಿದ ಮೇಲೆ ಆ ಬಿಸಿಗೆ ಎರಡು ಮೂರು ದಿನದಲ್ಲಿ ಬಲಿತು ಆಮೇಲೆ ಜೊಲ್ಲಿನ ಜೊತೆ ಇಳಿಯುತ್ತೆ. ಅಂದ್ರೆ ದಿನಾ ಹಾಲು ಕರೆಯೋವಾಗ ಕಿವಿ ಒಳಗೆ, ಕೆಚ್ಚಲ ಹಿಂದೆ, ಬಾಲದ ಬುಡದಲ್ಲಿ ಒಂದ್ಸಲ ಕೈಯಾಡ್ಸಿ ಹೊಸದಾಗಿ ಹತ್ತಿದ್ದನ್ನ ಕಿತ್ತಾಕೋದು ಸುಮ್ನೆ ಚೊಕ್ಕಟದ ಕೆಲಸ ಅಲ್ಲ, ಎರಡು ದಿನದ ಒಳಗೆ ಕಿತ್ರೆ ಕಾಯಿಲೇನೇ ತಪ್ಪಬಹುದು.

ಮೈ ಒಳಗೆ ಹೋದ ಮೇಲೆ ಥೈಲೇರಿಯಾ ಮಾಡೋ ಕೆಲಸ ಬಹಳ ವಿಚಿತ್ರ. ಬಬೇಸಿಯಾ ಥರ ನೇರವಾಗಿ ಕೆಂಪು ಕಣಕ್ಕೆ ಹೋಗಲ್ಲ, ಮೊದಲು ಬಿಳಿ ರಕ್ತಕಣದ ಒಳಗೆ ನುಗ್ಗುತ್ತೆ, ರೋಗದ ವಿರುದ್ಧ ಹೋರಾಡಬೇಕಾದ ಕಣಗಳೇ ಅವು. ಒಳಗೆ ಕೂತು ಆ ಕಣ ಸುಮ್ನೆ ಒಂದು ಎರಡಾಗಿ ಹೆಚ್ತಾನೇ ಇರೋ ಹಾಗೆ ಮಾಡುತ್ತೆ, ಕ್ಯಾನ್ಸರ್ ಕಣದ ಥರ. ಒಂದು ಎರಡಾಗೋವಾಗ ಪರಾವಲಂಬಿಯೂ ಎರಡು ಪಾಲಾಗಿ ಎರಡೂ ಕಡೆ ಹೋಗುತ್ತೆ. ಭುಜದ ಮುಂದಿನ ಗಂಟು ಊದ್ಕೊಳ್ಳೋದು ಇದಕ್ಕೇ, ಅದು ದುಗ್ಧರಸ ಗ್ರಂಥಿ (ಲಿಂಫ್ ನೋಡ್), ಬಿಳಿ ಕಣಗಳು ಸೇರೋ ಜಾಗ, ಅದರ ತುಂಬ ಈ ಹುಚ್ಚು ಹಿಡಿದ ಕಣಗಳು. ಪರಾವಲಂಬಿನ ಔಷಧಿ ಕೊಟ್ಟು ಸಾಯಿಸಿದ್ರೆ ಆ ಹುಚ್ಚಾಟವೂ ನಿಂತುಹೋಗುತ್ತೆ, ಅದಕ್ಕೇ ಕ್ಯಾನ್ಸರ್ ಬಗ್ಗೆ ಸಂಶೋಧನೆ ಮಾಡೋರೂ ಇದನ್ನ ಆಸಕ್ತಿಯಿಂದ ನೋಡ್ತಾರೆ. ಆಮೇಲಿನ ಹಂತದಲ್ಲಿ ಪರಾವಲಂಬಿಗಳು ಆ ಬಿಳಿ ಕಣ ಒಡೆದು ಹೊರಗೆ ಬಂದು ಕೆಂಪು ಕಣ ಸೇರ್ತವೆ, ಆಗ ರಕ್ತಹೀನತೆ ಶುರು. ಉಣ್ಣೆ ಕಚ್ಚಿದಾಗಿಂದ ಜ್ವರ ಕಾಣೋಕೆ ಒಂದರಿಂದ ಮೂರು ವಾರ ಹಿಡಿಯುತ್ತೆ, ಹಾಗಾಗಿ ಜ್ವರ ಬಂದ ದಿನ ಮೈಮೇಲೆ ಒಂದೂ ಉಣ್ಣೆ ಇಲ್ಲ ಅಂದಮಾತ್ರಕ್ಕೆ ಇದಲ್ಲ ಅಂತ ತೀರ್ಮಾನ ಮಾಡ್ಬೇಡಿ.

ಲಕ್ಷಣ ಹೇಳ್ಬೇಕಂದ್ರೆ ಜ್ವರ 104ರಿಂದ 107 (ಮಾಮೂಲಿ 101.5 ಇರ್ಬೇಕು), ಗಂಟು, ಕಣ್ಣಲ್ಲಿ ಮೂಗಲ್ಲಿ ನೀರು, ಕೆಮ್ಮು, ಏದುಸಿರು, ಮೆಲುಕು ನಿಲ್ಲುತ್ತೆ, ಆಮೇಲೆ ಕೆಲವಕ್ಕೆ ಭೇದಿ. ಕರುಗಳಲ್ಲಿ ಒಂದು ಬೇರೆ ಲಕ್ಷಣ ಕಾಣಬಹುದು, ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿ ಬರುತ್ತೆ, ನೋಡಿದ್ರೆ ಏಟು ಬಿದ್ದಿದೆ ಅನ್ಸುತ್ತೆ. ಅಂಥ ಕರುನ ಕಂಡ್ರೆ ಕಣ್ಣಿಗೆ ಡ್ರಾಪ್ಸ್ ಹಾಕ್ತಾ ಕೂರದೆ ರಕ್ತ ಪರೀಕ್ಷೆ ಮಾಡ್ಸಿ.

ಬಬೇಸಿಯಾ ಗುರುತು ಹಿಡಿಯೋದು ಸುಲಭ. ಅದು ಕೆಂಪು ಕಣದ ಒಳಗೇ ಹೆಚ್ಚಾಗಿ ಕಣನ ರಕ್ತನಾಳದ ಒಳಗೇ ಒಡೆದು ಹಾಕುತ್ತೆ, ಒಳಗಿದ್ದ ಹಿಮೋಗ್ಲೋಬಿನ್ ಎಲ್ಲಾ ರಕ್ತದ ನೀರಿಗೆ ಬಂದು ಮೂತ್ರಪಿಂಡದಲ್ಲಿ ಸೋರಿ ಗಂಜಲ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ, ನೆಲದ ಮೇಲೆ ಬಿದ್ರೆ ನೊರೆಯೂ ಇರುತ್ತೆ. ಅನಾಪ್ಲಾಸ್ಮಾದಲ್ಲೂ ರಕ್ತ ಕಡಿಮೆ ಆಗುತ್ತೆ ಆದ್ರೆ ಗಂಜಲ ಕೆಂಪಾಗಲ್ಲ, ಯಾಕಂದ್ರೆ ಅಲ್ಲಿ ಕೆಟ್ಟ ಕಣಗಳನ್ನ ಗುಲ್ಮ, ಯಕೃತ್ತಿನಂಥ ಅಂಗಗಳು ಹಿಡಿದು ಹಿಡಿದು ತೆಗೆದು ಹಾಕ್ತವೆ, ಹಿಮೋಗ್ಲೋಬಿನ್ ಹೊರಗೆ ಚೆಲ್ಲಲ್ಲ. ಬದಲಿಗೆ ಕಾಮಾಲೆ ಥರ ಕಣ್ಣು ಹಳದಿ, ಸಗಣಿ ಗಟ್ಟಿ. ಇನ್ನೊಂದು, ಅನಾಪ್ಲಾಸ್ಮಾಗೆ ಉಣ್ಣೆನೇ ಬೇಕಂತಿಲ್ಲ, ಕಚ್ಚೋ ದೊಡ್ಡ ನೊಣದಿಂದಲೂ, ಒಂದೇ ಸೂಜೀಲಿ ಹತ್ತು ದನಕ್ಕೆ ಚುಚ್ಚೋದ್ರಿಂದಲೂ ಹರಡುತ್ತೆ. ಊರಲ್ಲಿ ಲಸಿಕೆ ಹಾಕೋಕೆ ಬಂದಾಗ ನಮ್ಮ ಹಸುಗೆ ಹೊಸ ಸೂಜಿ ಹಾಕಿ ಅಂತ ಧೈರ್ಯವಾಗಿ ಕೇಳಿ, ಒಂದು ಸೂಜಿ ಬೆಲೆ ಏನೂ ಅಲ್ಲ.

ಕೈಯಿಂದ, ಕಣ್ಣಿಂದ ಇಷ್ಟು ಊಹೆ ಮಾಡಬಹುದು, ಖಾತ್ರಿ ಆಗೋದು ರಕ್ತ ನೋಡಿದಾಗ್ಲೇ. ಕಿವಿ ತುದೀಲಿ ಸೂಜಿ ಚುಚ್ಚಿ ಒಂದು ಹನಿ ತೆಗೆದು ಗಾಜಿನ ಸ್ಲೈಡ್ ಮೇಲೆ ಇನ್ನೊಂದು ಸ್ಲೈಡಿಂದ ತೆಳ್ಳಗೆ ಎಳೀತಾರೆ, ಒಣಗ್ಸಿ ಗಿಮ್ಸಾ ಅನ್ನೋ ಬಣ್ಣ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ. ನನಗೆ ಆ ಡಾಕ್ಟ್ರು ತೋರಿಸಿದ್ರು. ತಿಳಿ ಗುಲಾಬಿ ಬಣ್ಣದ ಬಿಲ್ಲೆಗಳ ಥರ ಕೆಂಪು ಕಣ, ಅದರೊಳಗೆ ಉಂಗುರದ ಹಾಗೆ ಇಷ್ಟೇ ಇಷ್ಟು ಥೈಲೇರಿಯಾ. ಬಬೇಸಿಯಾ ಆದ್ರೆ ಎರಡು ಮರಸೇಬು (ಪೇರ್ ಹಣ್ಣು) ತುದಿ ಸೇರಿಸಿ ಇಟ್ಟಂಗೆ ಜೋಡಿ ಜೋಡಿ ಕಾಣುತ್ತಂತೆ, ಅನಾಪ್ಲಾಸ್ಮಾ ಕಣದ ಅಂಚಲ್ಲಿ ಒಂದು ಕಪ್ಪು ಚುಕ್ಕೆ. ಊದಿದ ಗಂಟಿಂದ ಸೂಜೀಲಿ ಸ್ವಲ್ಪ ರಸ ತೆಗೆದು ನೋಡಿದ್ರೆ ಥೈಲೇರಿಯಾ ಇನ್ನೂ ಮುಂಚೆನೇ ಸಿಗುತ್ತೆ, ಬಿಳಿ ಕಣದೊಳಗೆ ನೀಲಿ ಗುಂಪಾಗಿ. ಟಿಬಿ ರೋಗಾಣು ಕಂಡುಹಿಡಿದ ರಾಬರ್ಟ್ ಕಾಕ್ ಹೆಸರಲ್ಲೇ ಅದನ್ನ ಕಾಕ್ಸ್ ಬ್ಲೂ ಬಾಡಿ ಅಂತ ಕರೀತಾರೆ. ಒಂದು ಎಚ್ಚರ, ಚೇತರಿಸಿಕೊಂಡ ಹಸು ರಕ್ತದಲ್ಲೂ ನಾಲ್ಕು ಉಂಗುರ ಸಿಗಬಹುದು, ಹಾಗಾಗಿ ರಿಪೋರ್ಟ್ ಒಂದನ್ನೇ ಹಿಡ್ಕೊಂಡು ಔಷಧಿ ಕೊಡಲ್ಲ, ಜ್ವರ, ಗಂಟು, ಹಿಮೋಗ್ಲೋಬಿನ್ ಎಲ್ಲಾ ಸೇರ್ಸಿ ನೋಡ್ತಾರೆ. ರಕ್ತ ತೆಗೆಯೋದು ಆ್ಯಂಟಿಬಯಾಟಿಕ್ ಕೊಡೋಕೆ ಮುಂಚೆ ಆದ್ರೆ ಒಳ್ಳೇದು. ಬೆಂಗಳೂರಲ್ಲಾದ್ರೆ ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶು ಜೈವಿಕ ಸಂಸ್ಥೆ ಇದೆ, ಬೇರೆ ಕಡೆ ನಿಮ್ಮ ಪಶು ಆಸ್ಪತ್ರೆಯವ್ರನ್ನ ಕೇಳಿ ಸ್ಯಾಂಪಲ್ ಎಲ್ಲಿಗೆ ಕಳಿಸ್ತಾರೆ ಅಂತ ಈಗ್ಲೇ ತಿಳ್ಕೊಂಡಿರಿ, ಹಸು ಮಲಗಿದ ದಿನ ಹುಡುಕ್ಬೇಡಿ. ಮನೆ ಹತ್ರ ಬರೋ ಸಂಚಾರಿ ಚಿಕಿತ್ಸಾ ವಾಹನಕ್ಕೆ 1962 ನಂಬರ್.

ಔಷಧಿ ವಿಷಯ. ಥೈಲೇರಿಯಾಗೆ ಬುಪಾರ್ವಾಕ್ವೋನ್, ಕುತ್ತಿಗೆ ಮಾಂಸಕ್ಕೆ ಕೊಡೋದು, 20 ಕೆಜಿ ತೂಕಕ್ಕೆ 1 ಎಂಎಲ್ ಲೆಕ್ಕ, ಅಂದ್ರೆ 400 ಕೆಜಿ ಹಸುಗೆ 20 ಎಂಎಲ್. ದುಬಾರಿ ಔಷಧಿ, ಅದಕ್ಕೇ ಸುಮಾರು ಜನ ಅರ್ಧ ಹಾಕ್ಸಿ ನೋಡೋಣ ಅಂತಾರೆ. ದಯವಿಟ್ಟು ಹಾಗೆ ಮಾಡ್ಬೇಡಿ, ಅರ್ಧ ಡೋಸಿಗೆ ಪರಾವಲಂಬಿ ಪೂರ್ತಿ ಸಾಯಲ್ಲ, ನಿಮ್ಮ ದುಡ್ಡು ಪೂರ್ತಿ ಸಾಯುತ್ತೆ. ಬಬೇಸಿಯಾಗೆ ಡಿಮಿನಜೀನ್ ಇಲ್ಲಾ ಇಮಿಡೋಕಾರ್ಬ್, ಅನಾಪ್ಲಾಸ್ಮಾಗೆ ಆಕ್ಸಿಟೆಟ್ರಾಸೈಕ್ಲಿನ್. ನಮ್ಮ ಹಸುಗೆ ಮೊದಲು ಬಿದ್ದಿದ್ದ ಆ್ಯಂಟಿಬಯಾಟಿಕ್ ಥೈಲೇರಿಯಾನ ಸಾಯ್ಸೋ ಅಂಥದ್ದಲ್ಲ ಅಂತ ಈಗ ಗೊತ್ತು. ಸರಿಯಾದ ಔಷಧಿ ಕೊಟ್ರೂ ಅದು ಪರಾವಲಂಬಿನ ಕೊಲ್ಲುತ್ತೆ, ಹೋದ ರಕ್ತ ವಾಪಸ್ ತರಲ್ಲ. ಹಸುಗೆ ಹಿಮೋಗ್ಲೋಬಿನ್ 8ರಿಂದ 15 ಇರ್ಬೇಕು, ಅದು ತೀರಾ ಕೆಳಗೆ ಹೋಗಿದ್ರೆ ಬೇರೆ ಗಟ್ಟಿ ಹಸುವಿಂದ ರಕ್ತ ತೆಗೆದು ಕೊಡೋದೇ ದಾರಿ, ದನಗಳಲ್ಲಿ ಮೊದಲ ಸಲ ಕೊಡೋ ರಕ್ತ ಸಾಮಾನ್ಯವಾಗಿ ಒಗ್ಗುತ್ತೆ, ಮಾಡೋ ಡಾಕ್ಟ್ರು ಇದ್ದಾರೆ, ನೀವಾಗೇ ಕೇಳಿ. ಏದುಸಿರು ಬಿಡೋ ಹಸುಗೆ ಗ್ಲೂಕೋಸ್ ಬಾಟ್ಲಿ ಮೇಲೆ ಬಾಟ್ಲಿ ಹಾಕ್ಸಿ ಅಂತ ಒತ್ತಾಯ ಮಾಡ್ಬೇಡಿ, ಶ್ವಾಸಕೋಶದಲ್ಲಿ ಮೊದ್ಲೇ ನೀರು ತುಂಬಿರುತ್ತೆ. ಔಷಧಿ ಆದ ಮೇಲೆ ಎಷ್ಟು ದಿನ ಹಾಲು ಡೈರಿಗೆ ಹಾಕಬಾರದು ಅಂತಾನೂ ಕೇಳ್ಕೊಳ್ಳಿ.

ನಾಟಿ ಹಸುಗೆ ಯಾಕೆ ಇಷ್ಟು ಬರಲ್ಲ ಅಂತ ಎಲ್ಲರೂ ಕೇಳ್ತಾರೆ. ಬರುತ್ತೆ, ತಡ್ಕೊಳ್ಳುತ್ತೆ. ಹಳ್ಳಿಕಾರ್, ಅಮೃತಮಹಲ್, ಮಲೆನಾಡು ಗಿಡ್ಡ ಇವೆಲ್ಲ ಉಣ್ಣೆ ಜೊತೆ ಸಾವಿರಾರು ವರ್ಷ ಬದುಕಿದ ಜಾತಿಗಳು, ಮೈಮೇಲೆ ಉಣ್ಣೆ ಕಮ್ಮಿ ನಿಲ್ಲುತ್ತೆ. ಸಾಹಿವಾಲ್ ಅನ್ನೋ ದೇಸಿ ತಳಿ ಕರುಗಳಿಗೂ ಎಚ್‌ಎಫ್ ಕರುಗಳಿಗೂ ಒಂದೇ ಅಳತೆ ಥೈಲೇರಿಯಾ ಕೊಟ್ಟು ನೋಡಿದ ಅಧ್ಯಯನ 2005ರಲ್ಲಿ ಬಂತು, ಎರಡಕ್ಕೂ ಸೋಂಕು ತಗುಲ್ತು, ಸಾಹಿವಾಲ್‌ಗಳು ಚೇತರಿಸಿಕೊಂಡ್ವು. ಸೀಮೆಹಸುವಿನ ಮೈ ಈ ಪರಾವಲಂಬಿ ಕಂಡ್ರೆ ಅತಿಯಾಗಿ ಉರಿದೇಳುತ್ತೆ, ಆ ಉರಿನೇ ಅರ್ಧ ಕೊಲ್ಲುತ್ತೆ. ಬಬೇಸಿಯಾ, ಅನಾಪ್ಲಾಸ್ಮಾದಲ್ಲಿ ಎಳೇ ಕರುಗಳು ಸಾಮಾನ್ಯವಾಗಿ ದೊಡ್ಡ ಹಸುಗಿಂತ ಚೆನ್ನಾಗಿ ತಡ್ಕೊಳ್ತವೆ, ಥೈಲೇರಿಯಾದಲ್ಲಿ ಕ್ರಾಸ್ ಕರುಗಳಿಗೆ ಆ ಅದೃಷ್ಟ ಇಲ್ಲ. ಮತ್ತೆ ಕರು ಹಾಕಿದ ಹೊಸದು, ಸಂತೆಯಿಂದ ಲಾರೀಲಿ ದೂರ ಬಂದಿದ್ದು, ಇಂಥ ಸುಸ್ತಿನ ಹೊತ್ತಲ್ಲಿ ಒಳಗೆ ಸುಮ್ನಿದ್ದ ಸೋಂಕೂ ಮೇಲೇಳುತ್ತೆ. ಉಣ್ಣೆನೇ ಕಾಣದ ಜಾಗದಿಂದ ತಂದ ಹಸುಗೆ ಈ ಕಾಯಿಲೆ ಪರಿಚಯನೇ ಇರಲ್ಲ, ಅದು ಬಂದ ಮೊದಲ ತಿಂಗಳು ದಿನಾ ಜ್ವರ ನೋಡಿ.

ಈಗ ಗೋಡೆಗೆ ಬರ್ತೀನಿ. ನಾವು ವರ್ಷಗಟ್ಟಲೆ ಮಾಡಿದ್ದು ಏನಂದ್ರೆ ಹಸುಗೆ ಸ್ಪ್ರೇ ಹೊಡೆದು ಉಣ್ಣೆ ಉದುರಿದ್ವು ಅಂತ ಸಮಾಧಾನ ಪಡೋದು. ಮೈಮೇಲೆ ಕಾಣೋ ಉಣ್ಣೆ ಒಂದು ಪಾಲು, ಅದಕ್ಕಿಂತ ಎಷ್ಟೋ ಪಾಲು ಗೋಡೆ, ನೆಲ, ಹುಲ್ಲಲ್ಲಿರುತ್ತೆ. ಹಸು ಹೋದ ಮೇಲೆ ಒಂದು ರಾತ್ರಿ ಟಾರ್ಚ್ ಹಾಕ್ಕೊಂಡು ಗೋದಲಿ ಹಿಂದಿನ ಮಣ್ಣುಗೋಡೆ ಬಿರುಕಿಗೆ ಪೊರಕೆ ಕಡ್ಡಿ ತೂರ್ಸಿ ಎಳೆದೆ, ಕಂದು ಬಣ್ಣದ್ದು, ಪಟ್ಟೆ ಕಾಲಿಂದು, ಒಂದೇ ಬಿರುಕಲ್ಲಿ 11 ಬಂದ್ವು. ಅವಕ್ಕೆ ನಮ್ಮ ಸ್ಪ್ರೇ ಒಂದ್ಸಲವೂ ತಾಗಿರ್ಲಿಲ್ಲ. ಆ ಗೋಡೆಗೆ ಸಿಮೆಂಟ್ ಮೆತ್ತಿದ್ವಿ, ಮಿಕ್ಕ ಬಿರುಕಿಗೆಲ್ಲ ಔಷಧಿ ಹೊಡೆದು ಸುಣ್ಣ ಬಳಿದ್ವಿ, ಮೂಲೆ ಕಸ, ಹಳೇ ಗೋಣಿಚೀಲ ಸುಟ್ಟು ಹಾಕಿದ್ವಿ. ಹಸುಗೆ ಹೊಡೆಯೋ ದಿನವೇ ಗೋಡೆಗೂ ಹೊಡೀಬೇಕು, 15 ದಿನ ಬಿಟ್ಟು ಮತ್ತೆ ಹೊಡೀಬೇಕು. ಮನೇಲಿ ಎಷ್ಟು ದನ ಇದೆಯೋ ಎಲ್ಲಕ್ಕೂ, ಎಮ್ಮೆ ಕರು ಬಿಡದ ಹಾಗೆ. ಹೊಡೆಯೋ ಮುಂಚೆ ಹೊಟ್ಟೆ ತುಂಬ ನೀರು ಕುಡ್ಸಿ, ಬಾಯಾರಿದ್ರೆ ಮೈ ನೆಕ್ಕುತ್ತೆ, ಉರಿಬಿಸಿಲಲ್ಲಿ ಬೇಡ, ಗಾಯ ಇರೋ ಕಡೆ ಬೇಡ. ಡೆಲ್ಟಾಮೆಥ್ರಿನ್ ಅನ್ನೋ ಉಣ್ಣೆ ಔಷಧಿಗೆ ನಮ್ಮ ದೇಶದ ಸುಮಾರು ಕಡೆ ಉಣ್ಣೆ ಜಗ್ಗದ ಹಾಗೆ ಆಗಿದೆ, ನೀರು ಜಾಸ್ತಿ ಬೆರೆಸಿ ಬೆರೆಸಿ ನಾವೇ ಹಾಗೆ ಮಾಡಿದ್ದು, ಅದು ಹಿಡೀತಿಲ್ಲ ಅಂದ್ರೆ ಡೋಸ್ ಏರಿಸ್ಬೇಡಿ, ಅಮಿಟ್ರಾಜ್ ಅಥವಾ ಬೇರೆ ಗುಂಪಿನದ್ದಕ್ಕೆ ಬದಲಾಯ್ಸಿ. ಟೊಮ್ಯಾಟೊಗೆ ಹೊಡೆಯೋ ಔಷಧಿನ ಹಸುಗೆ ಹೊಡೆದು ಹಸುನೇ ಕಳ್ಕೊಂಡವ್ರನ್ನ ನೋಡಿದೀನಿ, ಆ ಕೆಲಸ ಮಾತ್ರ ಬೇಡ. ಉಣ್ಣೆಗೆ ಕೊಡೋ ಐವರ್‌ಮೆಕ್ಟಿನ್ ಔಷಧಿನ ಹಾಲು ಕರೆಯೋ ಹಸುಗೆ ಕೊಟ್ರೆ ಅದು ಹಾಲಲ್ಲಿ ಬರುತ್ತೆ. ಕೋಳಿ ಸಾಕಿದವ್ರ ಕೊಟ್ಟಿಗೇಲಿ ಉಣ್ಣೆ ಕಮ್ಮಿ ಇರೋದು ನಿಜ, ಹೆಕ್ಕಿ ತಿನ್ನುತ್ತೆ.

ಕಿತ್ತ ಉಣ್ಣೆನ ಬೆರಳಲ್ಲಿ ಹಿಸುಕ್ಬೇಡಿ, ಕಾಲಲ್ಲಿ ಹೊಸಕ್ಬೇಡಿ. ಹಸುವಿನ ಥೈಲೇರಿಯಾ ಮನುಷ್ಯರಿಗೆ ಬರಲ್ಲ, ಆದ್ರೆ ಗುಜರಾತಲ್ಲಿ 2011ರಲ್ಲಿ ಜನರನ್ನ ಕೊಂದ ಕಾಂಗೋ ಜ್ವರ ಹರಡೋದು ಇದೇ ಹಯಲೋಮ್ಮಾ ಗುಂಪಿನ ಉಣ್ಣೆ. ಮಲೆನಾಡಿನವ್ರಿಗೆ ನಾನು ಹೇಳೋದೇ ಬೇಡ, 1957ರಲ್ಲಿ ಕ್ಯಾಸನೂರು ಕಾಡಿಂದ ಹೆಸರಾದ ಮಂಗನ ಕಾಯಿಲೆಯೂ ಉಣ್ಣೆಯದ್ದೇ, ಅದು ಬೇರೆ ಜಾತಿ ಉಣ್ಣೆ, ಆದ್ರೆ ಕಾಡಿಗೆ ಮೇಯೋಕೆ ಹೋದ ದನದ ಮೇಲೆ ಮನೆಗೆ ಬರುತ್ತೆ. ಸೀಮೆಎಣ್ಣೆ ಇಲ್ಲಾ ಸೋಪಿನ ನೀರಿರೋ ಡಬ್ಬಿಗೆ ಹಾಕಿ.

ಕೊನೇದಾಗಿ ಲಸಿಕೆ. ಥೈಲೇರಿಯಾಗೆ ನಮ್ಮ ದೇಶದಲ್ಲೇ ಲಸಿಕೆ ಇದೆ, ರಕ್ಷಾವ್ಯಾಕ್-ಟಿ ಅಂತ, ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್‌ನವ್ರು ಮಾಡೋದು, ಹೆಚ್ಚಿನವ್ರಿಗೆ ಗೊತ್ತೇ ಇಲ್ಲ. ಲ್ಯಾಬಲ್ಲಿ ಬೆಳೆಸಿ ಬೆಳೆಸಿ ಶಕ್ತಿ ಕುಗ್ಸಿದ ಜೀವಂತ ಥೈಲೇರಿಯಾ ಅದು, ಬಿಳಿ ಕಣದ ಒಳಗೇ ಇಟ್ಟು ಕೊಡ್ತಾರೆ. ಜೀವಂತ ಆದ್ರಿಂದ ಫ್ರಿಜ್ಜಲ್ಲಿ ಇಡೋಕಾಗಲ್ಲ, ಕೃತಕ ಗರ್ಭಧಾರಣೆ ಸ್ಟ್ರಾ ಇಡ್ತಾರಲ್ಲ ಆ ಲಿಕ್ವಿಡ್ ನೈಟ್ರೋಜನ್ ಕ್ಯಾನಲ್ಲೇ ಬರ್ಬೇಕು, ಕರಗ್ಸಿದ ಮೇಲೆ ಬೇಗ ಹಾಕಿ ಮುಗಿಸ್ಬೇಕು. ಗಬ್ಬ ಆಗಿರೋದಕ್ಕೆ ಹಾಕಲ್ಲ, ಕಾಯಿಲೆ ಇದ್ದಾಗ್ಲೂ ಹಾಕಲ್ಲ. ಒಂದು ಮನೆ ಒಂದು ಹಸುಗೆ ತರ್ಸೋದು ಕಷ್ಟ, ಅದಕ್ಕೇ ನಮ್ಮ ಬೀದೀಲಿ ಏಳು ಮನೆ ಸೇರಿ ಕ್ರಾಸ್ ಕರುಗಳ ಪಟ್ಟಿ ಮಾಡಿ ಡಾಕ್ಟ್ರ ಕೈಗೆ ಕೊಟ್ವಿ, ಒಟ್ಟು 16 ಕರು ಆಯ್ತು, ಒಂದೇ ದಿನ ಬೆಳಗ್ಗೆ ಕ್ಯಾನ್ ತಂದು ಎಲ್ಲಕ್ಕೂ ಹಾಕಿ ಹೋದ್ರು. ಸತ್ತ ಹಸುವಿನ ಹೆಣ್ಗರು ಆ ಪಟ್ಟೀಲಿ ಮೊದಲನೇದು. ಈಗ ಅದಕ್ಕೆ ವರ್ಷ ತುಂಬಿದೆ, ದಿನಾ ಸಾಯಂಕಾಲ ಹಗ್ಗ ಬಿಚ್ಚೋ ಮುಂಚೆ ಭುಜದ ಮುಂದೆ ಎರಡೂ ಕಡೆ ಕೈ ಆಡಿಸ್ತೀನಿ, ಕತ್ತು ಚಾಚ್ಕೊಂಡು ನಿಲ್ಲುತ್ತೆ, ಕೆರೀತಿದೀನಿ ಅಂತ ಅದಕ್ಕೆ ಖುಷಿ.